ಎಚ್. ಪೈಲೋರಿಗೆ ಮೂರು ಔಷಧಿಯ ಕೋರ್ಸೋ, ಬಿಸ್ಮತ್ ಸೇರಿದ ನಾಲ್ಕರದೋ?

ತಿಂಗಳುಗಟ್ಟಲೆ ಅಜೀರ್ಣ, ಹೊಟ್ಟೆಯುಬ್ಬರ ಇದ್ದು ಪರೀಕ್ಷೆಯಲ್ಲಿ ಹೊಟ್ಟೆಯ ಬ್ಯಾಕ್ಟೀರಿಯಾ ಎಚ್. ಪೈಲೋರಿ ಕಂಡರೆ ನನ್ನ ಓಟು ಬಿಸ್ಮತ್ ಕೋರ್ಸಿಗೇ: ಆಸಿಡ್ ತಗ್ಗಿಸುವ ಮಾತ್ರೆ, ಬಿಸ್ಮತ್ ಎಂಬ ಲೋಹದ ಲವಣ, ಜೊತೆಗೆ ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಎಂಬ ಎರಡು ಆಂಟಿಬಯೋಟಿಕ್. ಕ್ಲಾರಿಥ್ರೊಮೈಸಿನ್, ಅಮಾಕ್ಸಿಸಿಲಿನ್, ಆಸಿಡ್ ತಗ್ಗಿಸುವ ಮಾತ್ರೆ ಈ ಮೂರರ ಕೋರ್ಸು ಬೆಳಿಗ್ಗೆ-ರಾತ್ರಿ ಎರಡೇ ಹೊತ್ತು, ನುಂಗಲು ಸಲೀಸು ನಿಜ. ಆದರೆ ಗಂಟಲು ಕೆರೆದರೂ ಅಜಿಥ್ರೊಮೈಸಿನ್ ನುಂಗುವ ನಮ್ಮಲ್ಲಿ, ಅದೇ ಗುಂಪಿನ ಕ್ಲಾರಿಥ್ರೊಮೈಸಿನ್‌ಗೆ ಈ ಬ್ಯಾಕ್ಟೀರಿಯಾ ಅನೇಕರಲ್ಲಿ ಬಗ್ಗುವುದಿಲ್ಲ. ಮೆಟ್ರೊನಿಡಜೋಲ್‌ಗೂ ಪ್ರತಿರೋಧ ಉಂಟು. ಪೂರ್ಣ ಡೋಸಿನಲ್ಲಿ ಬಿಸ್ಮತ್ ಜೊತೆ 14 ದಿನ ಕೊಟ್ಟರೆ ಬಹುಪಾಲು ಅದನ್ನು ಮೀರಬಹುದು.

ತಲೆನೋವು ಇರುವುದು ವೇಳಾಪಟ್ಟಿಯಲ್ಲಿ. ಆಸಿಡ್ ಮಾತ್ರೆ ತಿಂಡಿಗೆ ಮತ್ತು ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು. ಬಿಸ್ಮತ್, ಟೆಟ್ರಾಸೈಕ್ಲಿನ್ 500 ಮಿ.ಗ್ರಾಂ., ಮೆಟ್ರೊನಿಡಜೋಲ್ 400 ಮಿ.ಗ್ರಾಂ. ಸಾಮಾನ್ಯವಾಗಿ ದಿನಕ್ಕೆ 4 ಸಲ: ಮೂರು ಊಟದ ನಂತರ, ಮತ್ತೆ ಮಲಗುವ ಮುನ್ನ. ಹಾಲು, ಮೊಸರಿನ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್ ಅನ್ನು ಹಿಡಿದಿಟ್ಟುಕೊಂಡು ಕೆಲಸ ಕೆಡಿಸುತ್ತದೆ. ಊಟ ಮೊಸರನ್ನದಲ್ಲಿ ಮುಗಿಯುವ ಮನೆಯಲ್ಲಿ ಇದೇ ದೊಡ್ಡ ಪೇಚು. ಊಟವನ್ನು ಸಾರನ್ನಕ್ಕೇ ನಿಲ್ಲಿಸಿ. ಮಜ್ಜಿಗೆ, ಕಾಫಿಯನ್ನು ಮಾತ್ರೆಯಿಂದ ಎರಡು ಗಂಟೆಯಾದರೂ ದೂರವಿಡಿ. ಕಬ್ಬಿಣದ ಮಾತ್ರೆ, ಆಂಟಾಸಿಡ್ ಸಿರಪ್‌ಗೂ ಇದೇ ನಿಯಮ. ರಾಗಿಯಲ್ಲೂ ಕ್ಯಾಲ್ಸಿಯಂ ಜಾಸ್ತಿ, ಹದಿನಾಲ್ಕು ದಿನ ಮುದ್ದೆ ಬಿಟ್ಟರೆ ನಷ್ಟವಿಲ್ಲ. ರಾತ್ರಿಯ ಡೋಸನ್ನು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಕ್ಯಾಪ್ಸೂಲ್ ಅನ್ನನಾಳಕ್ಕೆ ಅಂಟಿ ಹುಣ್ಣು ಮಾಡಬಹುದು. ಲೋಟ ತುಂಬಾ ನೀರು ಕುಡಿದು ಅರ್ಧ ಗಂಟೆ ಕೂತಿರಿ. ಅಂಗಡಿಯಲ್ಲಿ ಟೆಟ್ರಾಸೈಕ್ಲಿನ್ ಇಲ್ಲವೆಂದು ಡಾಕ್ಸಿಸೈಕ್ಲಿನ್ ಕೊಟ್ಟರೆ ಒಪ್ಪಬೇಡಿ, ಫಲಿತಾಂಶ ಕಡಿಮೆ.

ಮಲ, ನಾಲಿಗೆ ಕಪ್ಪಾಗುವುದು ಬಿಸ್ಮತ್‌ನಿಂದ, ಗಾಬರಿ ಬೇಡ. ಬಾಯಲ್ಲಿ ಲೋಹದ ರುಚಿ ಮೆಟ್ರೊನಿಡಜೋಲ್‌ದು. ಅದು ಮುಗಿದು ಮೂರು ದಿನದವರೆಗೂ ಮದ್ಯ ಬೇಡ.

ಅಮಾಕ್ಸಿಸಿಲಿನ್ ಪೆನಿಸಿಲಿನ್ ಗುಂಪಿನದು, ಹಾಗಾಗಿ ಪೆನಿಸಿಲಿನ್ ಅಲರ್ಜಿಯವರಿಗೆ ನಾಲ್ಕರ ಕೋರ್ಸೇ ಸರಿ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಆಗದು. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ತಿನ್ನುವವರು ಕ್ಲಾರಿಥ್ರೊಮೈಸಿನ್ ಶುರುಮಾಡುವ ಮೊದಲು ವೈದ್ಯರಿಗೆ ಹೇಳಲೇಬೇಕು.

ದಿನಕ್ಕೆ ನಾಲ್ಕು ಸಲ ಖಂಡಿತ ತಪ್ಪುತ್ತದೆ ಎನ್ನುವವರಿಗೆ, ಕ್ಲಾರಿಥ್ರೊಮೈಸಿನ್‌ಗೆ ಬಗ್ಗುತ್ತದೆಂದು ಲ್ಯಾಬ್ ವರದಿ ಇದ್ದರೆ ಮೂರರ ಕೋರ್ಸೂ ನಡೆದೀತು. ಅದಿಲ್ಲದೆ ಸುಲಭವೆಂದು ಆರಿಸಿ ಸೋತರೆ ಎರಡು ಕೋರ್ಸಿನ ಖರ್ಚು ಮೈಮೇಲೆ.

ಯಾವುದನ್ನೇ ತಿನ್ನಿ, ಮುಗಿದು 4 ವಾರದ ಮೇಲೆ ಉಸಿರಿನ ಪರೀಕ್ಷೆ ಅಥವಾ ಮಲದ ಆಂಟಿಜೆನ್ (ಬ್ಯಾಕ್ಟೀರಿಯಾದ ಅಂಶ ಹುಡುಕುವ) ಪರೀಕ್ಷೆ ಮಾಡಿಸಿ. ಅದಕ್ಕೆ 2 ವಾರ ಮೊದಲೇ ಆಸಿಡ್ ಮಾತ್ರೆ ನಿಲ್ಲಿಸಿ. ರಕ್ತಪರೀಕ್ಷೆ ಬೇಡ, ಬ್ಯಾಕ್ಟೀರಿಯಾ ಸತ್ತ ಮೇಲೂ ಅದು ಪಾಸಿಟಿವ್ ಎಂದೇ ಹೇಳುತ್ತಿರುತ್ತದೆ. ಹುಣ್ಣಿಲ್ಲದ ಬರೀ ಅಜೀರ್ಣ ಎಲ್ಲರಲ್ಲೂ ಮಾಯವಾಗುವುದಿಲ್ಲ. ಆಗುವವರಲ್ಲೂ ತಿಂಗಳುಗಳು ಹಿಡಿಯುತ್ತವೆ.