ಹೆಂಡತಿಯನ್ನೇ ಯಾಕೆ ಕೇಳಲಿಲ್ಲ? ಅಕ್ಕನ ಜೊತೆ ನೋಡಿದ ಐದು ಒಥೆಲೋ

ಕಳೆದ ಮಳೆಗಾಲದಲ್ಲಿ ನಾನು ಮತ್ತು ಅಕ್ಕ ಶೇಕ್ಸ್‌ಪಿಯರನ 'ಒಥೆಲೋ' ನಾಟಕದ ಐದು ರೆಕಾರ್ಡಿಂಗ್ ನೋಡಿದೆವು. ವಾರಕ್ಕೊಂದು, ಭಾನುವಾರ ರಾತ್ರಿ. ನಾನು ನಾಟಕವನ್ನು ಮೊದಲೇ ಓದಿದ್ದೆ. ಅಕ್ಕನಿಗೆ ಕಥೆಯೇ ಗೊತ್ತಿರಲಿಲ್ಲ. ಮೊದಲ ರಾತ್ರಿ ಅರ್ಧ ದಾರಿಯಲ್ಲಿ ಅವಳು ಕೇಳಿದಳು: "ಅಲ್ಲ ಕಣೋ, ಅವನು ನೇರವಾಗಿ ಹೆಂಡತಿಯನ್ನೇ ಯಾಕೆ ಕೇಳಲ್ಲ?" ನನಗೆ ಉತ್ತರ ಹೊಳೆಯಲಿಲ್ಲ. ಉಳಿದ ನಾಲ್ಕನ್ನೂ ಆ ಒಂದು ಪ್ರಶ್ನೆ ಇಟ್ಟುಕೊಂಡೇ ನೋಡಿದೆವು.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ಒಥೆಲೋ ವೆನಿಸ್ ನಗರದ ಸೇನಾಪತಿ. 'ಮೂರ್', ಅಂದರೆ ಆಫ್ರಿಕಾ ಮೂಲದವನು, ಕಪ್ಪು ಬಣ್ಣದವನು. ಊರಿನ ದೊಡ್ಡ ಮನುಷ್ಯನ ಮಗಳು ಡೆಸ್ಡಿಮೋನ ಅಪ್ಪನಿಗೆ ಹೇಳದೆ ಅವನನ್ನು ಮದುವೆಯಾಗುತ್ತಾಳೆ. ಇಯಾಗೋ ಅವನ ಕೈಕೆಳಗಿನ ಸೈನಿಕ. ತನಗೆ ಸಿಗಬೇಕಿದ್ದ ಬಡ್ತಿ ಕ್ಯಾಸಿಯೋ ಅನ್ನುವ ಇನ್ನೊಬ್ಬ ಸೈನಿಕನಿಗೆ ಹೋಯಿತು ಅಂತ ಅವನಿಗೆ ಉರಿ. ಸೈಪ್ರಸ್ ದ್ವೀಪಕ್ಕೆ ಹೋದ ಮೇಲೆ, ಕ್ಯಾಸಿಯೋಗೂ ಡೆಸ್ಡಿಮೋನಳಿಗೂ ಸಂಬಂಧವಿದೆ ಅಂತ ಒಥೆಲೋನ ತಲೆಯಲ್ಲಿ ತುಂಬುತ್ತಾನೆ. ಕೊನೆಗೆ ಒಥೆಲೋ ಹೆಂಡತಿಯನ್ನು ಕೊಲ್ಲುತ್ತಾನೆ.

ಇಂಗ್ಲಿಷಿನವರು ಇದನ್ನು ಸಾಮಾನ್ಯವಾಗಿ ಒಂದೇ ಪದದಲ್ಲಿ ಜೆಲಸಿ ಅನ್ನುತ್ತಾರೆ. ಕನ್ನಡದಲ್ಲಿ ನಮಗೆ ಎರಡು ಮಾತಿದೆ. ಇಯಾಗೋನದ್ದು ಹೊಟ್ಟೆಕಿಚ್ಚು. ಒಥೆಲೋನದ್ದು ಅನುಮಾನ. ಒಬ್ಬನ ಹೊಟ್ಟೆಕಿಚ್ಚು ಇನ್ನೊಬ್ಬನಲ್ಲಿ ಅನುಮಾನವಾಗಿ ಹೇಗೆ ಮೊಳೆಯುತ್ತದೆ ಎನ್ನುವುದೇ ಈ ನಾಟಕ.

ಅದು ನಡೆಯುವುದು ಮೂರನೇ ಅಂಕದ ಮೂರನೇ ದೃಶ್ಯದಲ್ಲಿ. ಆ ದೃಶ್ಯ ಶುರುವಾದಾಗ ಒಥೆಲೋ ಹೆಂಡತಿಯನ್ನು ಪ್ರಾಣದಂತೆ ಪ್ರೀತಿಸುತ್ತಿರುತ್ತಾನೆ. ಮುಗಿಯುವಾಗ ಮಂಡಿಯೂರಿ ಸೇಡಿನ ಆಣೆ ಇಟ್ಟಿರುತ್ತಾನೆ. ಇಯಾಗೋ ಮೊದಮೊದಲು ದೊಡ್ಡ ಸುಳ್ಳು ಹೇಳುವುದೇ ಇಲ್ಲ. ಒಥೆಲೋ ಹೇಳಿದ ಪದವನ್ನೇ ತಿರುಗಿಸಿ ಕೇಳುತ್ತಾನೆ. ಸುಮ್ಮನಾಗುತ್ತಾನೆ. ಏನೋ ಗೊತ್ತಿದೆ, ಹೇಳಲಾರೆ ಅನ್ನುವ ಮುಖ ಮಾಡುತ್ತಾನೆ. ಆಮೇಲೆ ಬರುತ್ತದೆ ನಿಜವಾದ ಏಟು: ನಮ್ಮ ಊರಿನ ಹೆಂಗಸರ ರೀತಿ ನನಗೆ ಚೆನ್ನಾಗಿ ಗೊತ್ತು, ಗಂಡನಿಗೆ ತೋರಿಸದ ಆಟವನ್ನು ಅವರು ದೇವರಿಗೆ ತೋರಿಸುತ್ತಾರೆ, ಅನ್ನುತ್ತಾನೆ. "ನಮ್ಮ ಊರು" ಅಂದ ತಕ್ಷಣ ಒಥೆಲೋ ಹೊರಗಿನವನಾದ. ಬಣ್ಣದ ಬಗ್ಗೆ ಒಂದು ಮಾತೂ ಆಡದೆ ಇಯಾಗೋ ಬಣ್ಣವನ್ನು ಬಳಸಿಬಿಟ್ಟ. ಬೇರೆ ಬೇರೆ ಪ್ರಯೋಗಗಳಲ್ಲಿ ಈ ಸಾಲು ಹೇಗೆ ಕೇಳಿಸಿತು ಅನ್ನುವುದೇ ನನ್ನ ಅಳತೆಗೋಲು.

ಮೊದಲು ನೋಡಿದ್ದು 1965ರ ಲಾರೆನ್ಸ್ ಒಲಿವಿಯರ್ ಸಿನಿಮಾ. ಹಿಂದಿನ ವರ್ಷ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಆಡಿದ್ದ ನಾಟಕವನ್ನೇ ಚಿತ್ರೀಕರಿಸಿದ್ದು. ಒಲಿವಿಯರ್ ಬಿಳಿಯ ನಟ. ಮೈಗೆಲ್ಲ ಕಪ್ಪು ಬಳಿದುಕೊಂಡು, ದನಿಯನ್ನು ತಗ್ಗಿಸಿ, ಗುಲಾಬಿ ಮೂಸುತ್ತಾ ಬರುತ್ತಾರೆ. ಡೆಸ್ಡಿಮೋನ ಆಗಿ ಮ್ಯಾಗಿ ಸ್ಮಿತ್, ಇಯಾಗೋ ಆಗಿ ಫ್ರಾಂಕ್ ಫಿನ್ಲೆ. ಮುಖ್ಯ ನಟರು ನಾಲ್ವರಿಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ಒಲಿವಿಯರ್ ಅವರ ದನಿಯ ಶಕ್ತಿ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನನಗೆ ನೋವಾಯಿತು. ಆಣೆ ಇಡುವ ಹೊತ್ತಿಗೆ ಅವರು ಕೊರಳಿನ ಶಿಲುಬೆಯನ್ನು ಕಿತ್ತೆಸೆಯುತ್ತಾರೆ. ಒಳಗೆ ಅಡಗಿದ್ದ ಕಾಡು ಮನುಷ್ಯ ಹೊರಬಂದ ಅನ್ನುವ ಹಾಗೆ. ಅಂದರೆ ಅಕ್ಕನ ಪ್ರಶ್ನೆಗೆ ಈ ಸಿನಿಮಾದ ಉತ್ತರ: ಅವನ ರಕ್ತವೇ ಅಂಥದ್ದು. ಇಯಾಗೋ ಹೇಳುವುದೂ ಇದನ್ನೇ ಅಲ್ವಾ! ಪ್ರಯೋಗವೇ ಇಯಾಗೋನ ಮಾತು ನಂಬಿದಂತಾಯಿತು.

ಮುಂದಿನ ವಾರ 2013ರ ನ್ಯಾಷನಲ್ ಥಿಯೇಟರ್ ಪ್ರಯೋಗ. ನಿಕೊಲಸ್ ಹೈಟ್ನರ್ ನಿರ್ದೇಶನ. ಒಥೆಲೋ ಆಗಿ ಏಡ್ರಿಯನ್ ಲೆಸ್ಟರ್, ಇಯಾಗೋ ಆಗಿ ರೋರಿ ಕಿನ್ನಿಯರ್. ಸೈಪ್ರಸ್ ಇಲ್ಲಿ ಇವತ್ತಿನ ಮಿಲಿಟರಿ ಕ್ಯಾಂಪ್. ಆ ದೊಡ್ಡ ದೃಶ್ಯ ನಡೆಯುವುದು ಸಾದಾ ಆಫೀಸಿನಲ್ಲಿ, ಮೇಜು, ಕಾಗದಪತ್ರಗಳ ನಡುವೆ. ಅಕ್ಕ ಅಲ್ಲಿ ಎದ್ದು ಕುಳಿತಳು. "ಇವನು ನಮ್ಮ ಆಫೀಸಿನಲ್ಲೂ ಇದ್ದಾನೆ" ಅಂದಳು. ಕಿನ್ನಿಯರ್ ಅವರ ಇಯಾಗೋ ರಾಕ್ಷಸನಲ್ಲ. ಜೊತೆಗೆ ಟೀ ಕುಡಿಯುವ, ಎಲ್ಲರೂ ಒಳ್ಳೆಯವನು ಅನ್ನುವ, ಮೆಲ್ಲಗೆ ಫಿಟ್ಟಿಂಗ್ ಇಡುವ ಮನುಷ್ಯ.

ಇಲ್ಲಿ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿತು. ಇಯಾಗೋನ ಹೆಂಡತಿ ಎಮಿಲಿಯಾ ಕೂಡ ಯೂನಿಫಾರ್ಮ್ ಹಾಕಿದ ಸೈನಿಕಳು. ಡೆಸ್ಡಿಮೋನ ಮಾತ್ರ ಜೀನ್ಸ್ ಹಾಕಿದ ಹೊರಗಿನ ಹುಡುಗಿ. ಸೈನಿಕರ ಜೀವ ಪಕ್ಕದವನ ಮಾತಿನ ಮೇಲೆ ನಿಂತಿರುತ್ತದೆ. ನಿನ್ನೆ ಮದುವೆಯಾದವಳಿಗಿಂತ ಯುದ್ಧದಲ್ಲಿ ಜೊತೆಗಿದ್ದವನನ್ನು ನಂಬುವುದು ಅವರ ಅಭ್ಯಾಸ. ಲೆಸ್ಟರ್ ಅವರ ಒಥೆಲೋ ಶಾಂತ, ಬುದ್ಧಿವಂತ. ಆದ್ದರಿಂದ ಅವನು ಕುಸಿಯುವುದನ್ನು ನೋಡುವುದು ಜಾಸ್ತಿ ಕಷ್ಟ. ಇಬ್ಬರು ನಟರಿಗೂ ಆ ವರ್ಷದ ಈವ್ನಿಂಗ್ ಸ್ಟ್ಯಾಂಡರ್ಡ್ ಪ್ರಶಸ್ತಿ ಒಟ್ಟಿಗೆ ಕೊಟ್ಟರು. ಸರಿಯಾದ ತೀರ್ಮಾನ. ಒಂದು ಕೊರತೆ ಮಾತ್ರ ಹೇಳಬೇಕು. ಈ ಕ್ಯಾಂಪಿನಲ್ಲಿ ಬಣ್ಣದ ಮಾತು ಹಿಂದೆ ಸರಿದುಬಿಡುತ್ತದೆ. "ನಮ್ಮ ಊರಿನ ಹೆಂಗಸರು" ಅನ್ನುವ ಸಾಲು ಬಂದು ಹೋದದ್ದೇ ಗೊತ್ತಾಗಲಿಲ್ಲ.

ಆ ಸಾಲು ಚುಚ್ಚಿದ್ದು ಮೂರನೇ ವಾರ. ಜೊಹಾನ್ಸ್‌ಬರ್ಗಿನ ಮಾರ್ಕೆಟ್ ಥಿಯೇಟರ್, 1987. ಜಾನೆಟ್ ಸುಜ್ಮನ್ ನಿರ್ದೇಶನ, ಒಥೆಲೋ ಆಗಿ ಜಾನ್ ಕಾನಿ. ಹಳೆಯ ಟಿವಿ ರೆಕಾರ್ಡಿಂಗ್, ಚಿತ್ರ ಅಷ್ಟು ಚೆನ್ನಾಗಿಲ್ಲ. ಆದರೆ ಅದು ಎಲ್ಲಿ, ಯಾವಾಗ ಆಡಿದ್ದು ಅಂತ ನೆನಪಿಡಿ. ದಕ್ಷಿಣ ಆಫ್ರಿಕಾದಲ್ಲಿ ಇನ್ನೂ ವರ್ಣಭೇದದ ಆಡಳಿತ. ಕಪ್ಪು, ಬಿಳಿ ಜನ ಮದುವೆಯಾಗುವಂತಿಲ್ಲ ಅನ್ನುವ ಕಾನೂನು ರದ್ದಾಗಿದ್ದೇ 1985ರಲ್ಲಿ. ಎರಡೇ ವರ್ಷದ ಮೇಲೆ ಅದೇ ದೇಶದ ವೇದಿಕೆಯಲ್ಲಿ ಕಾನಿ ಬಿಳಿ ಹುಡುಗಿಯ ಕೈ ಹಿಡಿಯುತ್ತಾರೆ, ಮುತ್ತಿಡುತ್ತಾರೆ. ಕಾನಿಯ ತಾಯಿನುಡಿ ಶೋಸಾ. ನನ್ನ ಮಾತು ಒರಟು ಅಂತ ಒಥೆಲೋ ಸಭೆಯ ಮುಂದೆ ಹೇಳಿಕೊಳ್ಳುವಾಗ, ಕಲಿತ ಭಾಷೆಯಲ್ಲಿ ತನ್ನ ಪ್ರೀತಿಯನ್ನು ಸಮರ್ಥಿಸಿಕೊಳ್ಳುವ ಮನುಷ್ಯ ನಿಜವಾಗಿ ಕಣ್ಣಮುಂದೆ ನಿಂತಿದ್ದ. ಇವನು ಹೆಂಡತಿಯನ್ನು ಕೇಳದೇ ಇರುವುದು ಯಾಕೆ? ಅವಳ ಜನರ ರೀತಿ ತನಗೆ ಗೊತ್ತಿಲ್ಲ ಅನ್ನುವ ಅಳುಕು. ಆ ಅಳುಕನ್ನು ಇಯಾಗೋ ಹುಟ್ಟಿಸಲಿಲ್ಲ. ಅದನ್ನು ಹುಟ್ಟಿಸಿದ್ದು ಆ ಸಮಾಜ. ಇಯಾಗೋ ಅದರ ಮೇಲೆ ಬೆರಳಿಟ್ಟು ಒತ್ತಿದ, ಅಷ್ಟೇ.

2015ರ ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ಪ್ರಯೋಗ ಈ ಲೆಕ್ಕವನ್ನೇ ಕೆಡಿಸುತ್ತದೆ. ಇಕ್ಬಾಲ್ ಖಾನ್ ನಿರ್ದೇಶನದ ಇದರಲ್ಲಿ ಇಯಾಗೋ ಕೂಡ ಕಪ್ಪು ನಟ, ಲೂಷಿಯನ್ ಮ್ಸಮಾಟಿ. ಒಥೆಲೋ ಹ್ಯೂ ಕ್ವಾರ್ಷಿ. ಈ ಪಾತ್ರ ಕಪ್ಪು ಜನರ ಬಗ್ಗೆ ಇರುವ ಕೆಟ್ಟ ಕಲ್ಪನೆಯನ್ನೇ ಗಟ್ಟಿ ಮಾಡಬಹುದು, ಕಪ್ಪು ನಟರು ಇದನ್ನು ಮಾಡಬಾರದೇನೋ ಅಂತ 1990ರ ದಶಕದ ಕೊನೆಯಲ್ಲಿ ವಾದಿಸಿದ್ದವರೇ ಈ ಕ್ವಾರ್ಷಿ! ಇಲ್ಲಿ ಬಡ್ತಿ ಸಿಕ್ಕಿದ್ದು ಬಿಳಿ ಕ್ಯಾಸಿಯೋಗೆ. ನಮ್ಮವನೇ ನನ್ನನ್ನು ಬಿಟ್ಟ ಅನ್ನುವ ಇಯಾಗೋನ ಉರಿ ತಕ್ಷಣ ಅರ್ಥವಾಗುತ್ತದೆ. ಅಕ್ಕನ ಪ್ರಶ್ನೆಗೂ ಹೊಸ ಉತ್ತರ: ತನ್ನವನಂತೆ ಕಾಣುವವನು ತನಗೆ ಸುಳ್ಳು ಹೇಳುತ್ತಾನಾ? ಇದು ಒಳ್ಳೆಯ ಪ್ರಯೋಗ. ಆದರೆ ಮೊದಲ ಸಲ ನೋಡುವವರಿಗೆ ಬೇಡ. ಮೂಲದ ಕಟ್ಟು ಗೊತ್ತಿದ್ದರೆ ಮಾತ್ರ ಅದನ್ನು ಎಲ್ಲಿ ತಿರುಗಿಸಿದ್ದಾರೆ ಅಂತ ತಿಳಿಯುತ್ತದೆ.

ಕೊನೆಗೆ 1990ರ ಪ್ರಯೋಗ, ಟ್ರೆವರ್ ನನ್ ನಿರ್ದೇಶನ. ಒಥೆಲೋ ಆಗಿ ಒಪೆರಾ ಗಾಯಕ ವಿಲರ್ಡ್ ವೈಟ್, ಇಯಾಗೋ ಆಗಿ ಇಯಾನ್ ಮೆಕೆಲೆನ್. ಇದು ಚಿಕ್ಕ ರಂಗಮಂದಿರಕ್ಕೆ ಕಟ್ಟಿದ್ದು, ಆದ್ದರಿಂದ ಯಾರೂ ಕೂಗುವುದಿಲ್ಲ. ಮೂರು ಗಂಟೆಗೂ ಜಾಸ್ತಿ ಇದೆ. ಎಲ್ಲವನ್ನೂ ನೀಟಾಗಿ ಮಡಚಿಡುವ ಮೆಕೆಲೆನ್ ಅವರ ಕೈಗಳನ್ನು ಮರೆಯಲಾರೆ. ಆದರೆ ಅಕ್ಕ ನೋಡಿದ್ದು ಜೋಯಿ ವನಮೇಕರ್ ಅವರ ಎಮಿಲಿಯಾಳನ್ನು. ಒಥೆಲೋ ತಾನು ಉಡುಗೊರೆಯಾಗಿ ಕೊಟ್ಟಿದ್ದ ಕರ್ಚೀಫು ಎಲ್ಲಿ ಅಂತ ಡೆಸ್ಡಿಮೋನಳನ್ನು ಗದರಿಸುವಾಗ ಎಮಿಲಿಯಾ ಅಲ್ಲೇ ಇರುತ್ತಾಳೆ. ತಾನೇ ಅದನ್ನು ಎತ್ತಿ ಗಂಡ ಇಯಾಗೋಗೆ ಕೊಟ್ಟವಳು, ಅವನು ಅದನ್ನೇ ಸಂಬಂಧದ ಸಾಕ್ಷಿ ಮಾಡಿಕೊಂಡಿದ್ದಾನೆ. ಬಾಯಿ ಬಿಡುವುದಿಲ್ಲ. ಮುಂದೆ ಮಲಗುವ ಮನೆಯಲ್ಲಿ, ಹೆಂಗಸರಿಗೂ ಗಂಡಸರ ಹಾಗೇ ರುಚಿ, ಆಸೆ ಇದೆ ಅಂತ ಅವಳು ಆಡುವ ಮಾತಿದೆ. 1622ರ ಮೊದಲ ಮುದ್ರಣದಲ್ಲಿ ಅದಿಲ್ಲ, ಶೇಕ್ಸ್‌ಪಿಯರನ ನಾಟಕಗಳ 1623ರ ದೊಡ್ಡ ಸಂಪುಟದಲ್ಲಿದೆ. ಟ್ರೆವರ್ ನನ್ ಅದಕ್ಕೆ ಪೂರ್ತಿ ಜಾಗ ಕೊಟ್ಟಿದ್ದಾರೆ.

ಅಕ್ಕ ರಿಮೋಟ್ ಕೇಳಿ ಇಸಿದುಕೊಂಡು ನಾಲ್ಕನೇ ಅಂಕಕ್ಕೆ ಹಿಂದೆ ಹೋದಳು. ಅಲ್ಲಿ ಒಥೆಲೋ ನಿಜಕ್ಕೂ ಕೇಳುತ್ತಾನೆ. ಎಮಿಲಿಯಾಳನ್ನು ಕೇಳುತ್ತಾನೆ. ಅವಳು ಏನೂ ನೋಡಿಲ್ಲ, ಕೇಳಿಲ್ಲ, ಅನುಮಾನವೂ ಬಂದಿಲ್ಲ ಅನ್ನುತ್ತಾಳೆ. ಹೆಂಡತಿಯನ್ನೂ ಕೇಳುತ್ತಾನೆ. ಅವಳೂ ಇಲ್ಲ ಅನ್ನುತ್ತಾಳೆ. ಇಬ್ಬರನ್ನೂ ನಂಬುವುದಿಲ್ಲ. "ಕೇಳಿದ ಕಣೋ. ತಡವಾಗಿ ಕೇಳಿದ" ಅಂದಳು ಅಕ್ಕ.

ಒಂದೇ ರಾತ್ರಿ ಇದ್ದರೆ ನಾನು 2013ರದ್ದನ್ನು ನೋಡಿ ಅನ್ನುತ್ತೇನೆ. ಎರಡು ರಾತ್ರಿ ಇದ್ದರೆ ಜೊತೆಗೆ ಕಾನಿ. ಅಕ್ಕ ಒಪ್ಪುವುದಿಲ್ಲ. ಅವಳ ಪಟ್ಟಿಯಲ್ಲಿ 1990ರದ್ದೇ ಮೊದಲು, ಎಮಿಲಿಯಾಳಿಗಾಗಿ.