ಹಳೇ ಫ್ರಿಜ್‌ಗೆ ಬಣ್ಣ: ಸ್ಪ್ರೇ ಡಬ್ಬಿಯೋ, ಪಿಯು ಪೇಂಟೋ?

ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಚ್ಚಿ ಕಾಯಿಸುವ ವಿಧಾನ) ಆಸೆ ಬಿಡಿ. ಅದನ್ನು 180–200 ಡಿಗ್ರಿಯಲ್ಲಿ ಬೇಯಿಸಬೇಕು. ಫ್ರಿಜ್‌ನೊಳಗಿನ ಫೋಮ್, ಪ್ಲಾಸ್ಟಿಕ್ ಉಳಿಯುವುದಿಲ್ಲ. ಕಳಚಿ ಬರುವ ಸ್ಟ್ಯಾಂಡ್‌ಗಷ್ಟೇ ಸರಿ.

ಸ್ಪ್ರೇ ಡಬ್ಬಿ ಅಗ್ಗ, ಬಣ್ಣ ಹೊಡೆಯಲು ಏರ್ ಕಂಪ್ರೆಸರ್ ಬೇಡ. ಆದರೆ ಮೂರು ಕೋಟ್ ಹೊಡೆದರೆ 400 ಮಿ.ಲೀ. ಡಬ್ಬಿ ಬಾಗಿಲೊಂದಕ್ಕೇ ಖಾಲಿ. ಹಿಡಿಯ ಸುತ್ತ ಬೇಗ ಸವೆಯುತ್ತದೆ, ಥಿನ್ನರ್ ತಾಗಿದರೆ ಕಿತ್ತೇ ಬರುತ್ತದೆ.

ಹಾರ್ಡ್‌ನರ್ (ಬಣ್ಣವನ್ನು ಗಟ್ಟಿಯಾಗಿಸುವ ದ್ರವ) ಬೆರೆಸುವ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ, ಗಟ್ಟಿ. ಆಯಿಲ್, ಪೆಟ್ರೋಲ್ ಚೆಲ್ಲುವ ವರ್ಕ್‌ಶಾಪ್‌ನಲ್ಲಿಡುವ ಫ್ರಿಜ್‌ಗೆ ಇದೇ ನಮ್ಮ ಆಯ್ಕೆ. ಅಳತೆ ಡಬ್ಬಿಯ ಮೇಲಿದ್ದಂತೆಯೇ ಇರಲಿ, ಅಂದಾಜು ಬೇಡ. ಬೆರೆಸಿದ್ದು ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕ್ ಏನೇನೂ ಸಾಲದು. ಸರಿಯಾದ ಉಸಿರಾಟದ ಸಾಧನ ಇಲ್ಲದಿದ್ದರೆ ಕಾರ್ ಪೇಂಟಿಂಗ್ ಬೂತ್‌ಗೆ ಕೊಡಿ. ಹಳೇ ಎನಾಮೆಲ್ ಬಣ್ಣದ ಮೇಲೆ ಪಿಯು ನೇರ ಹೊಡೆದರೆ ಪಿಯುನ ಥಿನ್ನರ್ ಕೆಳಗಿನ ಬಣ್ಣವನ್ನು ಸುಕ್ಕುಗಟ್ಟಿಸುತ್ತದೆ; ನಡುವೆ ತಡೆಯಾಗಿ ಎಪಾಕ್ಸಿ ಪ್ರೈಮರ್ ಕೋಟ್ ಬೇಕು.

ಎರಡಕ್ಕೂ ಮೊದಲು ಗ್ಯಾಸ್ಕೆಟ್ (ಬಾಗಿಲಂಚಿನ ರಬ್ಬರ್) ತೆಗೆದು, ಜಿಡ್ಡು ತೊಳೆದು, 320 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣ ಧೂಳು ಎಬ್ಬಿಸಬೇಡಿ.

ಮೂಡಿಗೆರೆ, ಸಕಲೇಶಪುರದ ಕಡೆಯವರು ಮಳೆಗಾಲದಲ್ಲಿ ಎರಡನ್ನೂ ಮುಟ್ಟದಿರುವುದೇ ಲೇಸು: ತೇವಕ್ಕೆ ಡಬ್ಬಿಯ ಬಣ್ಣ ಬೆಳ್ಳಗೆ ಮಂಕಾಗುತ್ತದೆ, ಪಿಯುನಲ್ಲಿ ಗುಳ್ಳೆ ಏಳುತ್ತದೆ. ಕಡೂರು, ಅರಸೀಕೆರೆಯಲ್ಲಿ ಧೂಳಿನದೇ ಕಾಟ.