ಸ್ಕೂಬಾಪ್ರೊ ಎಂಕೆ 10 – ಜಿ250: ತಯಾರಿ ನಿಂತುಹೋದ ರೆಗ್ಯುಲೇಟರ್ ತಗೊಳ್ಳಬಹುದಾ?

ಕಂಪನಿ ಮಾಡುವುದನ್ನೇ ಬಿಟ್ಟಿರುವ, 30 ವರ್ಷಕ್ಕಿಂತ ಹಳೆಯ ಒಂದು ರೆಗ್ಯುಲೇಟರ್ (ಸಮುದ್ರದೊಳಗೆ ಡೈವ್ ಮಾಡುವಾಗ ಬೆನ್ನ ಮೇಲಿನ ಸಿಲಿಂಡರ್‌ನಿಂದ ಬಾಯಿಗೆ ಗಾಳಿ ಕೊಡುವ ಸಾಧನ) ತಗೊಂಡಿದ್ದೇನೆ. ಸ್ಕೂಬಾಪ್ರೊ ಕಂಪನಿಯ ಎಂಕೆ 10 ಫಸ್ಟ್ ಸ್ಟೇಜ್ (ಸಿಲಿಂಡರ್‌ಗೆ ಕೂರುವ ಭಾಗ), ಜೊತೆಗೆ ಜಿ250 ಸೆಕೆಂಡ್ ಸ್ಟೇಜ್ (ಬಾಯಲ್ಲಿಡುವ ಭಾಗ). ತಗೊಳ್ಳುವ ಮುಂಚೆ ಮೂರು ವಾರ ಯೋಚನೆ ಮಾಡಿದ್ದೆ, ಹತ್ತಾರು ಜನರನ್ನು ಕೇಳಿದ್ದೆ. ಈಗ ಅದರಲ್ಲಿ 17 ಡೈವ್ ಆಗಿದೆ. ಇಂಥದ್ದೇ ಗೊಂದಲದಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು ಕುಂದಾಪುರ ಕಡೆಯವನು, ಕೆಲಸ ದುಬೈಯಲ್ಲಿ. ಚಳಿಗಾಲದಲ್ಲಿ ತಿಂಗಳಿಗೆ ಎರಡು ಶನಿವಾರ ಫುಜೈರಾ ಕಡೆ ಹೋಗುತ್ತೇನೆ. ದಿಬ್ಬಾ ರಾಕ್, ಸ್ನೂಪಿ ಐಲ್ಯಾಂಡ್, ಅಲ್ಲೆಲ್ಲ. ರಜೆಗೆ ಊರಿಗೆ ಬಂದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪ. ಬಾಡಿಗೆ ರೆಗ್ಯುಲೇಟರ್ ಸಾಕಾಗಿತ್ತು. ಒಂದೊಂದು ಸಲ ಒಂದೊಂದು ಥರ, ಯಾರ ಬಾಯಲ್ಲಿ ಇತ್ತೋ ಗೊತ್ತಿಲ್ಲ, ಮೌತ್‌ಪೀಸ್ ಕಚ್ಚಿ ಕಚ್ಚಿ ಹರಿದಿರುತ್ತದೆ. ಸ್ವಂತದ್ದು ಬೇಕು ಅಂತ ತುಂಬಾ ದಿನದ ಆಸೆ.

ಆಸೆಗೆ ಬಿದ್ದು ಮೂರು ವರ್ಷದ ಹಿಂದೆ ಒಂದು ತಪ್ಪು ಮಾಡಿದ್ದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಕಡಿಮೆಗೆ ಸಿಕ್ಕಿತು ಅಂತ ಒಂದು ಹಳೇ ರೆಗ್ಯುಲೇಟರ್ ತಗೊಂಡೆ. ಬ್ರ್ಯಾಂಡ್ ಹೆಸರು ಬೇಡ. ನೋಡಲು ಹೊಸದರ ಹಾಗೆ ಫಳಫಳ ಅನ್ನುತ್ತಿತ್ತು. ಸರ್ವೀಸ್ ಮಾಡಿಸಲು ಹೋದರೆ ಎರಡು ಅಂಗಡಿಯವರು ಇದರ ಪಾರ್ಟ್ಸ್ ಬರುವುದಿಲ್ಲ ಅಂತ ಕೈಯಲ್ಲಿ ಹಿಡಿಯಲೂ ಒಪ್ಪಲಿಲ್ಲ. ಗಾಳಿ ಚೆನ್ನಾಗಿಯೇ ಬರುತ್ತಿದೆಯಲ್ಲ ಅಂತ ಹಾಗೆಯೇ ನೀರಿಗಿಳಿದೆ. ನಾಲ್ಕನೇ ಡೈವ್, 12 ಮೀಟರ್ ಆಳ. ಇದ್ದಕ್ಕಿದ್ದಂತೆ ಸೆಕೆಂಡ್ ಸ್ಟೇಜ್‌ನಿಂದ ಗಾಳಿ ಭುಸ್ಸೆಂದು ನುಗ್ಗಲು ಶುರುವಾಯಿತು, ನಿಲ್ಲಲೇ ಇಲ್ಲ. ಕಣ್ಣೆದುರು ಬರೀ ಗುಳ್ಳೆ. ಸಿಲಿಂಡರ್‌ನಲ್ಲಿ ಉಳಿದ ಗಾಳಿ ತೋರಿಸುವ ಗೇಜ್‌ನ ಮುಳ್ಳು ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ಜೊತೆಗಿದ್ದ ಗೆಳೆಯನ ಆಕ್ಟೋಪಸ್ (ತುರ್ತಿಗೆ ಅಂತ ಇರುವ ಎರಡನೇ ಸೆಕೆಂಡ್ ಸ್ಟೇಜ್) ಬಾಯಿಗಿಟ್ಟುಕೊಂಡು ನಿಧಾನವಾಗಿ ಮೇಲೆ ಬಂದೆ. ಏನೂ ಆಗಲಿಲ್ಲ, ಆದರೆ ದೋಣಿಯಲ್ಲಿ ಕೂತ ಮೇಲೂ ಕೈ ನಡುಗುತ್ತಿತ್ತು.

ಹಾಗಾಗಿ ಈ ಸಲ ಹಳೆಯದು ಅಂದ ಕೂಡಲೇ ಮನೆಯಲ್ಲಿ ಹೆಂಡತಿ ಕೇಳಿದಳು, "ಉಸಿರಾಡುವ ಸಾಮಾನಲ್ಲಿ ಎಂತ ಚೌಕಾಸಿ ನಿಮ್ಮದು?" ನ್ಯಾಯವಾದ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಗೊತ್ತಾದದ್ದು ಇಷ್ಟು. ಒಂದು ಮಾಡೆಲ್ ಈಗ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತದೋ ಇಲ್ಲವೋ ಅನ್ನುವುದು ದೊಡ್ಡ ವಿಷಯವೇ ಅಲ್ಲ. ಅದರೊಳಗಿನ ಸವೆಯುವ ಸಾಮಾನು ಇವತ್ತಿಗೂ ಸಿಗುತ್ತದಾ, ಅದನ್ನು ಬಿಚ್ಚಿ ಜೋಡಿಸುವವರು ನಿಮ್ಮ ಊರಲ್ಲಿ ಇದ್ದಾರಾ, ಬದಲಿಸಲು ಆಗದ ಭಾಗ ಸರಿಯಾಗಿದೆಯಾ? ಈ ಮೂರಕ್ಕೂ ಹೌದು ಅಂತ ಬಂದರೆ ಮಾತ್ರ ದುಡ್ಡು ತೆಗೆಯಿರಿ.

ಹೊಸಬರಿಗೆ ಸ್ವಲ್ಪ ವಿವರ. ತುಂಬಿದ ಸಿಲಿಂಡರ್‌ನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ಅದನ್ನು ನೇರ ಬಾಯಿಗೆ ತಗೊಳ್ಳಲು ಆಗುವುದಿಲ್ಲ ಅಲ್ವಾ? ಸಿಲಿಂಡರ್‌ಗೆ ಕೂರುವ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9-10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ನಾವು ಎಳೆದಾಗ ಮಾತ್ರ, ನಾವಿರುವ ಆಳಕ್ಕೆ ತಕ್ಕ ಒತ್ತಡದಲ್ಲಿ ಗಾಳಿ ಕೊಡುತ್ತದೆ. ಕೂಸ್ಟೋ ಮತ್ತು ಗಾನ್ಯಾನ್ 1943ರಲ್ಲಿ ಮಾಡಿದ ಆಕ್ವಾ-ಲಂಗ್‌ನಿಂದ ಇವತ್ತಿನವರೆಗೆ ಮೂಲ ಕೆಲಸ ಇದೇ, ಆಳಕ್ಕೆ ತಕ್ಕಂತೆ, ಕೇಳಿದಾಗ ಮಾತ್ರ ಗಾಳಿ. ಅದಕ್ಕೇ ಒಂದು ಒಳ್ಳೆಯ ಹಳೇ ರೆಗ್ಯುಲೇಟರ್ ಇವತ್ತಿಗೂ ಒಳ್ಳೆಯ ರೆಗ್ಯುಲೇಟರ್ ಆಗಿರಲು ಸಾಧ್ಯ.

ಎಂಕೆ 10 ಬ್ಯಾಲೆನ್ಸ್ಡ್ ಪಿಸ್ಟನ್ ಜಾತಿಯದ್ದು, 80ರ ದಶಕದ ಮಾಡೆಲ್. ಒಳಗೆ ಚಲಿಸುವ ಮುಖ್ಯ ಭಾಗ ಒಂದೇ: ಟೊಳ್ಳಾದ ಒಂದು ಪಿಸ್ಟನ್. ಅದರ ತುದಿಯ ಚೂಪು ಅಂಚು ಹೋಗಿ ಒಂದು ಪ್ಲಾಸ್ಟಿಕ್ ಸೀಟ್ ಮೇಲೆ ಕೂತರೆ ಗಾಳಿ ಬಂದ್, ಎದ್ದರೆ ಚಾಲು. ಬ್ಯಾಲೆನ್ಸ್ಡ್ ಆಗಿರುವುದರಿಂದ ಸಿಲಿಂಡರ್ ತುಂಬಿದ್ದರೂ ಖಾಲಿಯಾಗುತ್ತ ಬಂದರೂ ಉಸಿರಾಟ ಒಂದೇ ಥರ ಇರುತ್ತದೆ. ಇದರ ನಂತರ ಎಂಕೆ 15, 20, 25 ಬಂದವು. ಮನೆತನ ಒಂದೇ.

ಮಾರುತ್ತಿದ್ದವರು ಮಂಗಳೂರಿನ ಒಬ್ಬ ಹಿರಿಯರು. ಗಲ್ಫ್‌ನಲ್ಲಿ 30 ವರ್ಷಕ್ಕೂ ಜಾಸ್ತಿ ದುಡಿದು ಊರಿಗೆ ವಾಪಸ್ ಹೊರಟಿದ್ದರು, ಮನೆಯ ಸಾಮಾನೆಲ್ಲ ಅರ್ಧ ಪೆಟ್ಟಿಗೆಯಲ್ಲಿ ಇತ್ತು. ಕೇಳಿದ್ದು 700 ದಿರ್ಹಮ್. "ಸಮುದ್ರದಿಂದ ಬಂದು ಇದನ್ನು ಸಿಹಿನೀರಲ್ಲಿ ಅದ್ದಿಟ್ಟ ಮೇಲೆಯೇ ನಾನು ಊಟಕ್ಕೆ ಕೂತದ್ದು ಮಾರಾಯ್ರೆ" ಅಂದರು. ಜೊತೆಗೆ ರಬ್ಬರ್ ಬ್ಯಾಂಡ್ ಹಾಕಿದ ಸರ್ವೀಸ್ ಚೀಟಿಗಳ ಕಟ್ಟು. ಕೊನೆಯ ಚೀಟಿ 2016ರದ್ದು. ಆಮೇಲೆ ಕಪಾಟಿನಲ್ಲೇ ಇತ್ತಂತೆ.

ಚೀಟಿ ನೋಡಿ ಸಂತೋಷ ಆಯಿತು. ಆದರೂ ನಾನು ಅಲ್ಲೇ ಕೂತು ಪರೀಕ್ಷೆ ಮಾಡಿದೆ, ಅವರೂ ಬೇಜಾರು ಮಾಡಿಕೊಳ್ಳಲಿಲ್ಲ. ಮೊದಲು ಫಸ್ಟ್ ಸ್ಟೇಜ್‌ನ ಬಾಯಲ್ಲಿರುವ ಫಿಲ್ಟರ್. ಸಣ್ಣ ಬಟನ್‌ನಷ್ಟು ಅಗಲದ ಲೋಹದ ಜರಡಿ ಅದು. ಟಾರ್ಚ್ ಬಿಟ್ಟು ನೋಡಿದರೆ ರೆಗ್ಯುಲೇಟರ್‌ನ ಅರ್ಧ ಕಥೆ ಅಲ್ಲೇ ಗೊತ್ತಾಗುತ್ತದೆ. ಹಸಿರು ಬಣ್ಣ ಇದ್ದರೆ ಉಪ್ಪುನೀರು ಒಳಗೆ ಹೋಗಿದೆ. ಕೆಂಪು-ಕಂದು ಪುಡಿ ಇದ್ದರೆ ಯಾವುದೋ ಸ್ಟೀಲ್ ಸಿಲಿಂಡರ್‌ನ ತುಕ್ಕು. ಕಪ್ಪಾಗಿದ್ದರೆ ಕಂಪ್ರೆಸರ್ ಕಡೆಯಿಂದ ಬಂದ ಇದ್ದಿಲ ಪುಡಿಯೋ ಎಣ್ಣೆಯೋ. ಇದರಲ್ಲಿ ಫಿಲ್ಟರ್ ತಿಳಿ ಬೂದು, ಒಂದು ಅಂಚಿನಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಹಸಿರು. ಅದನ್ನು ಬೆರಳಿಟ್ಟು ತೋರಿಸಿದೆ, ಅವರೇ 100 ದಿರ್ಹಮ್ ಇಳಿಸಿದರು.

ಎರಡನೆಯದು, ಸಿಲಿಂಡರ್ ಇಲ್ಲದೆಯೇ ಮಾಡಬಹುದಾದ ಪರೀಕ್ಷೆ. ಫಸ್ಟ್ ಸ್ಟೇಜ್‌ನ ಬಾಯಿ ಮುಚ್ಚಳದಿಂದ ಗಟ್ಟಿಯಾಗಿ ಮುಚ್ಚಿ, ಸೆಕೆಂಡ್ ಸ್ಟೇಜ್ ಬಾಯಲ್ಲಿಟ್ಟು ಮೆಲ್ಲಗೆ ಎಳೆಯಿರಿ. ಗಾಳಿ ಬರಬಾರದು, ಎಳೆತ ಹಾಗೆಯೇ ಹಿಡಿದು ನಿಲ್ಲಬೇಕು. ಬಂದರೆ ಡಯಾಫ್ರಮ್ (ಸೆಕೆಂಡ್ ಸ್ಟೇಜ್ ಒಳಗಿನ ತೆಳು ರಬ್ಬರ್ ಪರದೆ) ಅಥವಾ ಉಸಿರು ಹೊರಹೋಗುವ ರಬ್ಬರ್ ವಾಲ್ವ್ ಸೋರುತ್ತಿದೆ ಅಂತ ಅರ್ಥ. ನೀರಿನೊಳಗೆ ಅದೇ ಜಾಗದಿಂದ ಉಪ್ಪುನೀರು ಬಾಯಿಗೆ ಬರುತ್ತದೆ. ಇದರಲ್ಲಿ ಸ್ವಲ್ಪ ಸೋರಿತು. ರಬ್ಬರ್ ಒಣಗಿತ್ತು, ಅಷ್ಟೇ. ಬದಲಿಸುವ ಸಾಮಾನು, ಹಾಗಾಗಿ ಚಿಂತೆ ಮಾಡಲಿಲ್ಲ.

ಮುಂಗಡ 100 ದಿರ್ಹಮ್ ಕೊಟ್ಟೆ. ಬಿಚ್ಚಿ ನೋಡಿದ ಮೇಲೆ ಬಾಕಿ, ಸರಿ ಇಲ್ಲದಿದ್ದರೆ ವಾಪಸ್ ಅಂತ ಮಾತಾಯಿತು. ಈ ಮಾತಿಗೆ ಒಪ್ಪದವರ ಹತ್ತಿರ ಹಳೇ ರೆಗ್ಯುಲೇಟರ್ ತಗೊಳ್ಳಲೇಬೇಡಿ. ತುಂಬಾ ಗಟ್ಟಿಯಾಗಿ ಹೇಳುತ್ತಿದ್ದೇನೆ ಇದನ್ನು.

ಆಮೇಲೆ ಮೆಕ್ಯಾನಿಕ್ ಹುಡುಕಾಟ. ಎರಡು ಕಡೆ ಇಷ್ಟು ಹಳೆಯದನ್ನು ಮುಟ್ಟುವುದಿಲ್ಲ ಅಂದರು. ಮೂರನೆಯವನು ಎಂಕೆ 10 ಅಂದ ಕೂಡಲೇ ನಕ್ಕು "ತನ್ನಿ" ಅಂದ. ಅವನು ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡಿದೆ. ಪಿಸ್ಟನ್ ಹೊರಗೆ ತೆಗೆದು, ಬಟ್ಟೆಯಲ್ಲಿ ಒರೆಸಿ, ಅದರ ಚೂಪು ಅಂಚನ್ನು ಭೂತಗನ್ನಡಿಯ ಕೆಳಗೆ ಹಿಡಿದು ಸುತ್ತ ತಿರುಗಿಸಿ ತೋರಿಸಿದ. ಸೂಜಿಮೊನೆಯಷ್ಟು ಚಿಪ್ ಎದ್ದಿದ್ದರೂ ಆ ಪಿಸ್ಟನ್ ಕೆಲಸಕ್ಕೆ ಬರುವುದಿಲ್ಲ, ಸೀಟ್ ಹೊಸದು ಹಾಕಿದರೂ ಗಾಳಿ ಸೋರುತ್ತಲೇ ಇರುತ್ತದೆ. ಸೀಟ್, ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಎಲ್ಲ ಸಿಗುತ್ತವೆ. ಎಂಕೆ 10ರ ಹೊಸ ಪಿಸ್ಟನ್ ಸಿಗುವುದು ಬಹಳ ಕಷ್ಟ, ಸತ್ತ ಇನ್ನೊಂದು ರೆಗ್ಯುಲೇಟರ್‌ನಿಂದ ತೆಗೆಯಬೇಕು. ನನ್ನದರ ಅಂಚು ಒಂದು ಗೀರೂ ಇಲ್ಲದೆ ಉಂಗುರದ ಹಾಗೆ ಹೊಳೆಯುತ್ತಿತ್ತು. ನಾನು ಬಾಕಿ ದುಡ್ಡು ಕೊಡಲು ತೀರ್ಮಾನ ಮಾಡಿದ್ದು ಆ ಕ್ಷಣದಲ್ಲಿ.

ಸ್ಪ್ರಿಂಗ್ ಮೇಲೆ ಮಾತ್ರ ಉಪ್ಪು ಕಟ್ಟಿತ್ತು. ಪಿಸ್ಟನ್ ಮಾಡೆಲ್‌ಗಳಲ್ಲಿ ಸ್ಪ್ರಿಂಗ್ ಇರುವ ಕೋಣೆಗೆ ಸಮುದ್ರದ ನೀರು ಬಂದು ಹೋಗುತ್ತದೆ, ಆಳದ ಒತ್ತಡ ಗೊತ್ತಾಗುವುದೇ ಹಾಗೆ. ಅದಕ್ಕೇ ಡೈವ್ ಮುಗಿದ ಮೇಲೆ ಸುಮ್ನೆ ನಲ್ಲಿ ಕೆಳಗೆ ಹಿಡಿದರೆ ಸಾಲದು, ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿಡಬೇಕು. ಫಸ್ಟ್ ಸ್ಟೇಜ್‌ನ ಬಾಯಿಗೆ ಮುಚ್ಚಳ ಹಾಕಿರಬೇಕು. ನೆನೆಸುವಾಗ ಪರ್ಜ್ ಬಟನ್ (ಸೆಕೆಂಡ್ ಸ್ಟೇಜ್ ಮುಂದೆ ಇರುವ, ಒತ್ತಿದರೆ ಗಾಳಿ ಬಿಡುವ ಬಟನ್) ಒತ್ತಬೇಡಿ, ನೀರು ಪೈಪ್ ಮೂಲಕ ಒಳಗೆ ಹೋಗುತ್ತದೆ.

ಜಿ250ಗೆ ಡಯಾಫ್ರಮ್, ಸೀಟ್, ಉಸಿರು ಹೊರಹೋಗುವ ವಾಲ್ವ್, ಓ-ರಿಂಗ್ ಎಲ್ಲ ಹೊಸದು. ಇದೇ ಮನೆತನದ ಜಿ260 ಆಮೇಲೆ ಬಂದಿರುವುದರಿಂದ ಬೇಕಾದ ಸಾಮಾನಿಗೆ ಅವನು ಪರದಾಡಲಿಲ್ಲ. ರಬ್ಬರ್ ಹೋಸ್ ಎಲ್ಲ ತೆಗೆಸಿ ಹೊಸದು ಹಾಕಿಸಿದೆ. ತುದಿಯ ರಬ್ಬರ್ ಕವಚ ಹಿಂದೆ ಸರಿಸಿ ನೋಡಿದರೆ ಒಳಗೆ ಸಣ್ಣ ಸಣ್ಣ ಬಿರುಕು ಇತ್ತು. ಹೊರಗಿನಿಂದ ಕಾಣುತ್ತಲೇ ಇರಲಿಲ್ಲ.

ಜೋಡಿಸಿದ ಮೇಲೆ ಇಂಟರ್‌ಮೀಡಿಯೆಟ್ ಗೇಜ್ (ಫಸ್ಟ್ ಸ್ಟೇಜ್ ಇಳಿಸಿ ಕೊಡುವ ಒತ್ತಡ ಅಳೆಯುವ ಮೀಟರ್) ಹಾಕಿದೆವು. 9.5 ಬಾರ್. ಪರ್ಜ್ ಒತ್ತಿ ಬಿಟ್ಟರೆ ಮುಳ್ಳು ಇಳಿದು ಟಕ್ ಅಂತ ವಾಪಸ್ ಬಂದು ಅಲ್ಲೇ ನಿಂತಿತು. ಐದು ನಿಮಿಷ ನೋಡಿದೆ, ಅಲ್ಲಾಡಲಿಲ್ಲ. ಮುಳ್ಳು ಮೆಲ್ಲಮೆಲ್ಲಗೆ ಮೇಲೆ ಹತ್ತುತ್ತಾ ಹೋದರೆ ಸೀಟ್ ಅಥವಾ ಅಂಚು ಕೈಕೊಟ್ಟಿದೆ ಅಂತ ತಿಳಿಯಿರಿ. ನನ್ನ ಮೊದಲ ರೆಗ್ಯುಲೇಟರ್‌ನ ರೋಗ ಇದೇ ಇರಬೇಕು, ಆಗ ಗೇಜ್ ಹಾಕಿ ನೋಡುವ ಬುದ್ಧಿ ಇರಲಿಲ್ಲ. ಕೊನೆಗೆ ಬಕೆಟ್ ಪರೀಕ್ಷೆ. ಸಿಲಿಂಡರ್ ತೆರೆದು, ಮೌತ್‌ಪೀಸ್ ಮೇಲೆ, ಪರ್ಜ್ ಬಟನ್ ಕೆಳಗೆ ಮಾಡಿ ಸೆಕೆಂಡ್ ಸ್ಟೇಜನ್ನು ನಿಧಾನ ನೀರಿಗೆ ಇಳಿಸುವುದು. ಡಯಾಫ್ರಮ್ ಸುಮಾರು ಒಂದು ಇಂಚು ಮುಳುಗಿದಾಗ ಸುಯ್ ಅಂತ ಗಾಳಿ ಶುರುವಾದರೆ ಸರಿ.

ಒಟ್ಟು ಖರ್ಚು: ರೆಗ್ಯುಲೇಟರ್ 600, ಸರ್ವೀಸ್ ಮತ್ತು ಕಿಟ್ 380, ಹೋಸ್‌ಗಳು 270. ಅಂದರೆ 1250 ದಿರ್ಹಮ್. ಅದೇ ಕಂಪನಿಯ ಈಗಿನ ಮೇಲ್ದರ್ಜೆಯ ಜೋಡಿಗೆ ನನಗೆ ಹೇಳಿದ ಬೆಲೆ 3 ಸಾವಿರದ ಮೇಲೆ. ಉಳಿತಾಯ ಇದೆ. ಆದರೆ ಮಾರುವವರು ಹೇಳುವ ಬೆಲೆಯೇ ಕೊನೆಯ ಬೆಲೆ ಅಂದುಕೊಳ್ಳಬೇಡಿ, ಅಷ್ಟೇ ಮೊತ್ತ ಮೇಲೆ ಇಟ್ಟುಕೊಂಡೇ ಲೆಕ್ಕ ಹಾಕಿ.

ನೀರಲ್ಲಿ ಹೇಗಿದೆ? ತುಂಬಾ ಚೆನ್ನಾಗಿದೆ. ಜಿ250 ನೋಡಲು ದೊಡ್ಡದು, ಈಗಿನ ಪುಟಾಣಿಗಳ ಪಕ್ಕ ಇಟ್ಟರೆ ಮಾವಿನ ಪಕ್ಕ ಹಲಸು ಇಟ್ಟ ಹಾಗೆ. ಆದರೆ ಮೈ ಪ್ಲಾಸ್ಟಿಕ್, ಹಗುರ, ದವಡೆ ನೋಯುವುದಿಲ್ಲ. ಡಯಾಫ್ರಮ್ ಅಗಲ ಇರುವುದರಿಂದ ಉಸಿರು ಎಳೆಯುವುದು ಗೊತ್ತೇ ಆಗುವುದಿಲ್ಲ. ದಿಬ್ಬಾ ರಾಕ್‌ನಲ್ಲಿ ಒಂದು ದಿನ ಎದುರು ಸೆಳೆತ ಇತ್ತು, ಜೋರಾಗಿ ಫಿನ್ ಹೊಡೆದು ಏದುಸಿರು ಬಂದಿತ್ತು, ಆಗಲೂ ಗಾಳಿ ಕಡಿಮೆ ಅನಿಸಲಿಲ್ಲ. ಸಿಲಿಂಡರ್ 50 ಬಾರ್‌ಗೆ ಇಳಿದಾಗಲೂ ಅದೇ ಹದ. ಪಕ್ಕದ ತಿರುಪು ತಿರುಗಿಸಿ ಬಿಗಿ-ಸಡಿಲ ಮಾಡಿಕೊಳ್ಳಬಹುದು. ನೀರಿಗೆ ಹಾರುವ ಮುಂಚೆ ಬಿಗಿ ಮಾಡಿಕೊಂಡರೆ ಸುಮ್ನೆ ಗಾಳಿ ನುಗ್ಗುವುದಿಲ್ಲ.

ಕೊರತೆ ಇಲ್ಲ ಅಂತಲ್ಲ. ಮರಳು, ಉಪ್ಪು ಒಳಗೆ ಹೋಗುವ ವಿನ್ಯಾಸ, ಆರೈಕೆ ಜಾಸ್ತಿ ಬೇಕು. ಹಳೇ ಯೋಕ್‌ನ (ಫಸ್ಟ್ ಸ್ಟೇಜನ್ನು ಸಿಲಿಂಡರ್ ವಾಲ್ವ್‌ಗೆ ಬಿಗಿಯುವ ಲೋಹದ ಹಿಡಿ) ಬಾಯಿ ಚಿಕ್ಕದು, ಈಗಿನ ಕೆಲವು ದಪ್ಪ ವಾಲ್ವ್‌ಗಳ ಮೇಲೆ ಕೂರುವುದಿಲ್ಲ. ಒಂದು ಸಲ ದೋಣಿಯಲ್ಲಿ ಸಿಲಿಂಡರ್ ಬದಲಿಸಿಕೊಳ್ಳಬೇಕಾಯಿತು. ನೀವು ಬಳಸುವ ಸಿಲಿಂಡರ್ ಮೇಲೆ ಕೂರಿಸಿ ನೋಡಿಯೇ ತಗೊಳ್ಳಿ. ಆಮ್ಲಜನಕ ಹೆಚ್ಚಿರುವ ಗಾಳಿ ಮಿಶ್ರಣ ನೈಟ್ರಾಕ್ಸ್‌ಗೆ ಇದನ್ನು ನಾನು ಬಳಸುವುದಿಲ್ಲ.

ಹಳೆಯದೆಲ್ಲ ಇದೇ ಥರ ಅಂದುಕೊಳ್ಳಬೇಡಿ. ಅದೇ ಸ್ಕೂಬಾಪ್ರೊದ ಪೈಲಟ್, ಏರ್ 1 ಅನ್ನುವ ಸೆಕೆಂಡ್ ಸ್ಟೇಜ್‌ಗಳಿಗೆ ಸಾಮಾನು ಸಿಗುವುದಿಲ್ಲ, ಪುಕ್ಕಟೆ ಕೊಟ್ಟರೂ ನೀರಿಗೆ ಬೇಡ. ಡೇಕರ್ ಕಂಪನಿಯನ್ನು ಮಾರೆಸ್‌ನವರು ಕೊಂಡ ಮೇಲೆ ಅದರ ಪಾರ್ಟ್ಸ್ ಹುಡುಕುವುದೇ ಒಂದು ಕೆಲಸ. ಯು.ಎಸ್. ಡೈವರ್ಸ್ ಕಂಪನಿಯ ಕಾನ್‌ಶೆಲ್ಫ್ ರೆಗ್ಯುಲೇಟರ್ ಇದಕ್ಕೆ ತದ್ವಿರುದ್ಧ, ಅಷ್ಟು ಹಳೆಯದಾದರೂ ಕಿಟ್ ಸಿಗುತ್ತದೆ.

ವರ್ಷಕ್ಕೆ ನಾಲ್ಕೈದು ಸಲ ನೇತ್ರಾಣಿಗೋ ಅಂಡಮಾನ್‌ಗೋ ಹೋಗುವವರಿಗೆ ಇದು ಬೇಡ ಅನ್ನುತ್ತೇನೆ. ಊರಲ್ಲಿ ಬಿಚ್ಚಿ ಜೋಡಿಸುವವರು ಹತ್ತಿರದಲ್ಲಿ ಇಲ್ಲದಿದ್ದರೆ ಅಂತೂ ಖಂಡಿತ ಬೇಡ. ಬಾಡಿಗೆಯದ್ದನ್ನೇ ಚೆನ್ನಾಗಿ ಪರೀಕ್ಷೆ ಮಾಡಿ ಬಳಸಿ, ಮೌತ್‌ಪೀಸ್ ಮಾತ್ರ ಸ್ವಂತದ್ದು ಇಟ್ಟುಕೊಳ್ಳಿ. ತಿಂಗಳಿಗೆ ಎರಡು ಸಲ ನೀರಿಗಿಳಿಯುವವರಿಗೆ, ಪಿಸ್ಟನ್ ಅಂಚು ಕಣ್ಣಾರೆ ನೋಡಿದ ಮೇಲೆ, ಧೈರ್ಯವಾಗಿ ತಗೊಳ್ಳಿ ಅಂತ ಹೇಳುತ್ತೇನೆ.

ಮಳೆಗಾಲ ಮುಗಿದು ನೇತ್ರಾಣಿಗೆ ದೋಣಿ ಶುರುವಾದ ಮೇಲೆ ಇದನ್ನು ಊರಿಗೆ ಒಯ್ಯುತ್ತೇನೆ. ಎರಡು ಸರ್ವೀಸ್ ಕಿಟ್ ಈಗಲೇ ತೆಗೆದಿಟ್ಟಿದ್ದೇನೆ. ಯಾರ ಮನೆಯಲ್ಲಾದರೂ ಬಳಸದೆ ಬಿದ್ದಿರುವ ಎಂಕೆ 10 ಇದ್ದರೆ, ಕೆಟ್ಟದ್ದಾದರೂ ಸರಿ, ಅಂಚು ಚೆನ್ನಾಗಿರುವ ಪಿಸ್ಟನ್ ಒಂದಿದ್ದರೆ ಸಾಕು, ದಯವಿಟ್ಟು ತಿಳಿಸಿ.